ಕೇಳ್ರಿ, ಹೇಳ್ತೀನಿ: ಕಾಲುವೆ, ದೋಣಿ ಮತ್ತು ಗಂಡ-ಹೆಂಡತಿ

ಹೋದ ಸಂಚಿಕೆಯಲ್ಲಿ ಮಂಡಿ ನೋವಿನ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ ಸುಮ್ನೆ ಒಂದು ಮಾತು ಸೇರಿಸಿದ್ದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗಳ ಮನೆಗೆ ಹೋದಾಗ ನಾನೂ ನಮ್ಮವರೂ ನ್ಯಾರೋಬೋಟ್, ಅಂದರೆ ಒಳಗೇ ಉಂಡು ಮಲಗಬಹುದಾದ ಕಿರಿದಾದ ಉದ್ದನೆಯ ದೋಣಿ, ಬಾಡಿಗೆಗೆ ಹಿಡಿದು ಆ ದೇಶದ ಕಾಲುವೆಯಲ್ಲಿ ಅಡ್ಡಾಡಿ ಬಂದೆವು ಅಂತ. ಮಂಡಿಯ ಬಗ್ಗೆ ಆಮೇಲೆ ಯಾರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ದೋಣಿಯವೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ನಾನು ಯಾದಗಿರಿಯಲ್ಲಿ ಭೂಗೋಳ ಕಲಿಸಿದವಳು. ನಮ್ಮವರು ನೀರಾವರಿ ಇಲಾಖೆಯಲ್ಲಿದ್ದು ಕಾಲುವೆ ನೋಡಿಕೊಂಡವರು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಅರ್ಧ ಅವರದ್ದೇ ಮಾತು.

ಪ್ರಶ್ನೆ: ಅಕ್ಕಾರೆ, ನಮಗಿಬ್ಬರಿಗೂ ಅರವತ್ತು ದಾಟಿದೆ. ಕಾರು ಬಿಟ್ಟು ಬೇರೇನೂ ಓಡಿಸಿ ಗೊತ್ತಿಲ್ಲ. ಡ್ರೈವರ್ ಇಲ್ಲದೆ ನಾವೇ ದೋಣಿ ನಡೆಸಬಹುದಾ? ಲೈಸೆನ್ಸ್ ಬೇಡವಾ? ಎಷ್ಟು ಜೋರಾಗಿ ಹೋಗುತ್ತದೆ? ಖರ್ಚೆಷ್ಟು? — ನಿವೃತ್ತ ದಂಪತಿ, ಸೇಡಂ

ಉತ್ತರ: ಧಾರಾಳವಾಗಿ ನಡೆಸಬಹುದು. ಅಲ್ಲಿನ ಕಾಲುವೆಗಳಲ್ಲಿ ಬಾಡಿಗೆ ದೋಣಿ ಓಡಿಸಲು ಯಾವ ಲೈಸೆನ್ಸೂ ಕೇಳುವುದಿಲ್ಲ. ದೋಣಿ ಕೊಡುವವರೇ ಹೊರಡುವ ಮುಂಚೆ ಜೊತೆಗೆ ನಿಂತು ಕಲಿಸುತ್ತಾರೆ. ಆಮೇಲೆ ಇಳಿದು ಕೈಬೀಸಿ ಹೋಗಿಬಿಡುತ್ತಾರೆ. ಆಗ ಎದೆ ಡವಡವ ಅನ್ನುವುದು ಸಹಜ. ಕೈಯಲ್ಲಿರುವುದು ಹದಿನೈದು ಟನ್ನಿಗೂ ಹೆಚ್ಚು ತೂಕದ ಉಕ್ಕು, ಬ್ರೇಕ್ ಅನ್ನುವುದೇ ಇಲ್ಲ. ನಿಲ್ಲಿಸಬೇಕಾದರೆ ಎಂಜಿನ್ನನ್ನು ರಿವರ್ಸಿಗೆ ಹಾಕಿ ಕಾಯಬೇಕು.

ದೋಣಿಯ ಅಗಲ ಏಳಡಿಗೆ ಎರಡು ಇಂಚು ಕಡಿಮೆ. ಉದ್ದ ಮಾತ್ರ ಎಪ್ಪತ್ತು ಅಡಿವರೆಗೂ ಇರುತ್ತದೆ. ಇಷ್ಟು ಸಣಕಲು ಯಾಕೆ ಅಂದರೆ ಅದಕ್ಕೆ ಕಾರಣ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್. 1777ರಲ್ಲಿ ಪೂರ್ತಿಯಾದ ಟ್ರೆಂಟ್ ಅಂಡ್ ಮರ್ಸಿ ಕಾಲುವೆಯ ಬಹುಪಾಲು ಲಾಕ್‌ಗಳು (ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ಕೋಣೆಗಳು) ಏಳಡಿ ಅಗಲದವು, ಅದು ಅವನ ಯೋಜನೆ. ಕಿರಿದಾದಷ್ಟೂ ಕಟ್ಟುವ ಖರ್ಚು ಕಡಿಮೆ, ನೀರೂ ಕಡಿಮೆ ಸಾಕು. ಆ ಅಳತೆಗೇ ದೋಣಿಗಳು ಬಂದವು. ಆಗ ಅವು ಕಲ್ಲಿದ್ದಲು, ಪಿಂಗಾಣಿಯ ಮಣ್ಣು ಹೊರುತ್ತಿದ್ದವು. ದಡದ ದಾರಿಯಲ್ಲಿ ಕುದುರೆ ಹಗ್ಗ ಕಟ್ಟಿಕೊಂಡು ಎಳೆಯುತ್ತಿತ್ತು. ರೈಲು ಬಂದ ಮೇಲೆ ಸರಕು ಅತ್ತ ಹೋಯಿತು. ಈಗ ಅದೇ ಕಾಲುವೆಗಳಲ್ಲಿ ನಮ್ಮಂಥವರು ತಿರುಗಾಡುತ್ತೇವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಎರಡು ಸಾವಿರ ಮೈಲಿ ಜಲಮಾರ್ಗವನ್ನು 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತಿದೆ.

ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ, ಅಂದರೆ ಸುಮಾರು ಆರೂವರೆ ಕಿಲೋಮೀಟರ್. ಖರೇ ಹೇಳಬೇಕೆಂದರೆ ಅಷ್ಟೂ ಹೋಗುವುದಿಲ್ಲ. ದಡದಲ್ಲಿ ಕಟ್ಟಿದ ದೋಣಿಗಳ ಪಕ್ಕ ಹಾಯುವಾಗ ಇನ್ನೂ ನಿಧಾನ ಮಾಡಬೇಕು, ಇಲ್ಲದಿದ್ದರೆ ಒಳಗೆ ಕೂತವರ ಚಹಾ ಚೆಲ್ಲುತ್ತದೆ. ನಾಯಿ ಹಿಡಿದುಕೊಂಡು ದಡದ ಮೇಲೆ ನಡೆಯುವ ಮುದುಕರು ನಮ್ಮನ್ನು ಹಿಂದೆ ಹಾಕಿ, ನಕ್ಕು, ಗುಡ್ ಮಾರ್ನಿಂಗ್ ಹೇಳಿ ಹೋಗುತ್ತಾರೆ. ಜೋರು ಮಾಡಿದರೂ ಪ್ರಯೋಜನವಿಲ್ಲ. ಕಾಲುವೆ ಆಳವಿಲ್ಲ. ಎಂಜಿನ್ ಜಾಸ್ತಿ ಮಾಡಿದರೆ ದೋಣಿಯ ಹಿಂಭಾಗ ಕೆಳಗೆ ಕೂರುತ್ತದೆ, ಅಲೆ ಎದ್ದು ದಡ ಕೊರೆಯುತ್ತದೆ, ಡೀಸೆಲ್ ಸುಡುತ್ತದೆ. ವೇಗ ಮಾತ್ರ ಅಷ್ಟಕ್ಕಷ್ಟೇ. ಹಿಂದೆ ತಿರುಗಿ ನೋಡಿ, ದಡಕ್ಕೆ ಅಲೆ ಬಡಿಯುತ್ತಿದೆಯೇ? ಹಾಗಾದರೆ ಕಡಿಮೆ ಮಾಡಿ.

ಚುಕ್ಕಾಣಿ ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ತಿರುಗುತ್ತದೆ. ಇದು ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕು. ಇನ್ನೊಂದು, ದೋಣಿ ತಿರುಗುವುದು ನಟ್ಟನಡುವಿನಿಂದ. ಮುಂಭಾಗ ಬಲಕ್ಕೆ ಹೋದರೆ ಹಿಂಭಾಗ ಎಡದ ದಡಕ್ಕೆ ಹೊಡೆಯುತ್ತದೆ. ಎದುರಿಗೆ ದೋಣಿ ಬಂದರೆ ಬಲಕ್ಕೆ ಸರಿಯಬೇಕು, ರಸ್ತೆಯಲ್ಲಿ ಎಡ ಹಿಡಿದು ಬೆಳೆದ ನಮಗೆ ಇದೊಂದು ಉಲ್ಟಾ.

ಖರ್ಚು ಕಡಿಮೆಯಲ್ಲ. ಒಂದು ವಾರಕ್ಕೆ ಸಾವಿರ ಪೌಂಡ್ ದಾಟುವುದು ಮಾಮೂಲು. ಅವರ ಶಾಲೆಗಳಿಗೆ ರಜೆ ಇರುವ ಆಗಸ್ಟಿನಲ್ಲಿ ಇನ್ನೂ ಜಾಸ್ತಿ. ಮೇ ಅಥವಾ ಸೆಪ್ಟೆಂಬರ್ ನೋಡಿ. ಚಳಿಗಾಲ ಬೇಡ, ಆಗ ಲಾಕ್‌ಗಳ ರಿಪೇರಿಗೆ ಕಾಲುವೆಗಳನ್ನು ಅಲ್ಲಲ್ಲಿ ಬಂದ್ ಮಾಡಿರುತ್ತಾರೆ. ವೀಸಾದ ಅರ್ಜಿಗೆ ಬೆಂಗಳೂರಿಗಿಂತ ಹೈದರಾಬಾದ್ ನಿಮಗೆ ಹತ್ತಿರ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ವಾರದಲ್ಲಿ ಲಂಡನ್, ಎಡಿನ್‌ಬರೋ, ಸರೋವರ ಎಲ್ಲ ಮುಗಿಸಬೇಕು ಅನ್ನುವವರು ಬಸ್ ಟೂರ್ ಹಿಡಿಯಿರಿ. ಇಲ್ಲಿ ದಿನವೆಲ್ಲ ನಡೆಸಿದರೂ ಕಲಬುರಗಿಯಿಂದ ಶಹಾಬಾದಿನಷ್ಟು ದೂರ ಹೋಗುವುದೂ ಕಷ್ಟ. ವಿಶ್ರಾಂತಿ ಅಂತಲೂ ತಿಳಿಯಬೇಡಿ. ಹಗ್ಗ ಕಟ್ಟು, ಗೂಟ ಹೊಡೆ, ಗೇಟು ತೆಗೆ, ನೀರು ತುಂಬಿಸು, ಹೀಗೆ ಇಬ್ಬರಿಗೂ ಕೈತುಂಬ ಕೆಲಸ. ನನಗೆ ಇಷ್ಟವಾದದ್ದೇ ಅದು. ಮಕ್ಕಳು ದೊಡ್ಡವರಾದ ಮೇಲೆ ಗಂಡ-ಹೆಂಡತಿ ಸೇರಿ ಮಾಡುವ ಕೆಲಸ ಮನೆಯಲ್ಲಿ ಎಲ್ಲಿರುತ್ತದೆ ಹೇಳಿ? ಅವರು ಟಿವಿ ಮುಂದೆ, ನಾವು ಒಲೆ ಮುಂದೆ.

ಪ್ರಶ್ನೆ: ನಮ್ಮ ಹೊಲದ ಪಕ್ಕದಲ್ಲೇ ಶಹಾಪುರ ಶಾಖಾ ಕಾಲುವೆ ಹೋಗುತ್ತದೆ. ಇಂಗ್ಲೆಂಡಿನ ಕಾಲುವೆಗಿಂತ ಅದೇ ದೊಡ್ಡದು ಅನಿಸುತ್ತದೆ. ಅದರಲ್ಲಿ ಇಂಥ ದೋಣಿ ಯಾಕೆ ಬಿಡಬಾರದು? — ರೈತ ಓದುಗರು, ಶಹಾಪುರ

ಉತ್ತರ: ಈ ಪತ್ರ ಓದಿ ನಮ್ಮವರು ಕುರ್ಚಿ ಎಳೆದುಕೊಂಡು ಕೂತರು. ಅರ್ಧ ಗಂಟೆ ಹೇಳಿದ್ದನ್ನು ನಾನು ಚಿಕ್ಕದು ಮಾಡಿ ಬರೆಯುತ್ತಿದ್ದೇನೆ.

ನಮ್ಮದು ಹರಿಯುವ ಕಾಲುವೆ. ನಾರಾಯಣಪುರದ ಬಸವಸಾಗರದಲ್ಲಿ ಬಿಟ್ಟ ನೀರು ನಿಮ್ಮ ಹೊಲ ಮುಟ್ಟಬೇಕಾದರೆ ಉದ್ದಕ್ಕೂ ಇಳಿಜಾರು ಬೇಕು. ನೆಲ ಥಟ್ಟನೆ ಇಳಿಯುವ ಕಡೆ ಡ್ರಾಪ್ ಕಟ್ಟಿ ನೀರು ಧುಮುಕಿಸುತ್ತಾರೆ. ಅಲ್ಲಿಗೆ ದೋಣಿ ಬಂದರೆ ಅದರ ಕಥೆ ಮುಗಿಯಿತು. ನಡುನಡುವೆ ಅಡ್ಡ ಗೇಟುಗಳಿವೆ. ವಾರಾಬಂದಿ, ಅಂದರೆ ಸರದಿಯಂತೆ ನೀರು ಬಿಡುವುದು, ಶುರುವಾದರೆ ಒಂದು ಕಡೆ ನೀರಿರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಬೇಸಿಗೆಯಲ್ಲಿ ಪೂರ್ತಿ ಬಂದ್. ಕಾಂಕ್ರೀಟ್ ಬದಿಯ ಇಳಿಜಾರಿನಲ್ಲಿ ಪಾಚಿ ಬೇರೆ. ದಯವಿಟ್ಟು ಅದರಲ್ಲಿ ಯಾರೂ ಇಳಿಯಬೇಡಿ, ಎಳೆದುಕೊಂಡು ಹೋಗುತ್ತದೆ. ಪ್ರತಿ ವರ್ಷ ಪೇಪರಿನಲ್ಲಿ ಓದುತ್ತೇವಲ್ಲ.

ಅವರದ್ದು ಹೆಚ್ಚುಕಡಿಮೆ ನಿಂತ ನೀರು. ಬೆಳೆಗೆ ಬಿಡಲು ಕಟ್ಟಿದ್ದಲ್ಲ, ಸರಕು ಸಾಗಿಸಲು ಕಟ್ಟಿದ್ದು. ಬ್ರಿಂಡ್ಲಿ ಗುಡ್ಡಗಳನ್ನು ಸುತ್ತಿ ಸುತ್ತಿ ಒಂದೇ ಮಟ್ಟದಲ್ಲಿ ಕಾಲುವೆ ತೋಡಿದ. ಭೂಗೋಳದ ಪುಸ್ತಕದಲ್ಲಿ ಸಮೋನ್ನತಿ ರೇಖೆ ಅಂತ ಓದಿದ್ದೀರಲ್ಲ, ಅದನ್ನೇ ನೆಲದ ಮೇಲೆ ಎಳೆದದ್ದು. ತಳಕ್ಕೆ ಹಸಿ ಜೇಡಿಮಣ್ಣನ್ನು ತುಳಿದು ತುಳಿದು ಮೆತ್ತಿದರು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಹೇಗೆ ಬಿರಿಯುತ್ತದೋ ಹಾಗೆ ಆ ಜೇಡಿಯೂ ಒಣಗಿದರೆ ಬಿರುಕು ಬಿಟ್ಟು ಸೋರುತ್ತದೆ. ಆದ್ದರಿಂದ ಅದರಲ್ಲಿ ಸದಾ ನೀರಿರಬೇಕು.

ಮಟ್ಟ ಬದಲಾಗುವ ಕಡೆ ಲಾಕ್. ಇದು ಎರಡೂ ತುದಿಗೆ ಗೇಟಿರುವ ಉದ್ದನೆಯ ಕಲ್ಲಿನ ಕೋಣೆ. ಕೆಳಗಿನಿಂದ ದೋಣಿ ಒಳಗೆ ತಂದು ಹಿಂದಿನ ಗೇಟು ಮುಚ್ಚಬೇಕು. ಮೇಲಿನ ತೂಬನ್ನು ಕೈಹಿಡಿಯಿಂದ ತಿರುಗಿಸಿ ಎತ್ತಿದರೆ ನೀರು ಒಳಗೆ ಬರುತ್ತದೆ, ದೋಣಿ ತಾನೇ ಏಳುತ್ತದೆ. ಎರಡೂ ಕಡೆ ನೀರು ಸಮ ಆಗುವವರೆಗೆ ಎಷ್ಟು ತಳ್ಳಿದರೂ ಗೇಟು ಅಲುಗುವುದಿಲ್ಲ. ಸಮ ಆದ ಮೇಲೆ ಒಬ್ಬರೇ ಬೆನ್ನುಕೊಟ್ಟು ತಳ್ಳಬಹುದು. ಕೆಳಗಿನ ಜೋಡಿ ಗೇಟುಗಳು ನೀರಿನ ಕಡೆಗೆ ಮೊನೆ ಮಾಡಿಕೊಂಡು ನಿಂತಿರುತ್ತವೆ. ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ. ಕರೆಂಟಿಲ್ಲ, ಮೋಟಾರಿಲ್ಲ. ನಮ್ಮವರು ಪ್ರತಿ ಲಾಕಿನಲ್ಲೂ ಕೆಲಸ ಮುಗಿದ ಮೇಲೂ ಬಗ್ಗಿ ಬಗ್ಗಿ ನೋಡುತ್ತಿದ್ದರು. ಹಿಂದೆ ಕಾಯುತ್ತಿದ್ದ ದೋಣಿಯವರು ಪಾಪ ಒಳ್ಳೆಯವರು, ಏನೂ ಅನ್ನಲಿಲ್ಲ.

ಒಂದು ದೋಣಿ ಒಂದು ಲಾಕ್ ದಾಟಿದರೆ ಲಕ್ಷ ಲೀಟರಿಗೂ ಮೇಲೆ ನೀರು ಕೆಳಗಿಳಿಯುತ್ತದೆ. ಆದ್ದರಿಂದ ಮೇಲಿನ ಮಟ್ಟಕ್ಕೆ ನೀರು ಕೊಡಲು ಕೆರೆಗಳನ್ನು ಕಟ್ಟಿದ್ದಾರೆ. ಮಳೆ ಕೈಕೊಟ್ಟರೆ ಅವರಿಗೂ ಸಂಕಟವೇ. 2025ರ ಬೇಸಿಗೆಯಲ್ಲಿ ನೀರಿಲ್ಲದೆ ಉತ್ತರದ ಕೆಲವು ಕಾಲುವೆಗಳಲ್ಲಿ ದೋಣಿ ಓಡಾಟ ನಿಲ್ಲಿಸಿದ್ದರು. ಹೋಗುವ ಮುಂಚೆ ಅದನ್ನೂ ವಿಚಾರಿಸಿ.

ನೀರಾವರಿಗೂ ದೋಣಿಗೂ ಒಂದೇ ಕಾಲುವೆ ಆಗುವುದೇ ಇಲ್ಲ ಅಂತಲ್ಲ. ಸರ್ ಆರ್ಥರ್ ಕಾಟನ್ ಗೋದಾವರಿ ಮುಖಜಭೂಮಿಯ ಕಾಲುವೆಗಳನ್ನು ಹಾಗೇ ಮಾಡಿಸಿದರು, ಅಲ್ಲಿ ಲಾಕ್‌ಗಳೂ ಇದ್ದವು. ನಮಗೆ ಹತ್ತಿರದ್ದು ಅಂದರೆ ತುಂಗಭದ್ರಾ ನದಿಯ ಸುಂಕೇಸುಲದಿಂದ ಹೊರಡುವ ಕರ್ನೂಲ್-ಕಡಪ ಕಾಲುವೆ. 1860ರ ದಶಕದಲ್ಲಿ ಅದನ್ನು ತೋಡಿದ್ದೇ ಬೆಳೆಗೂ ದೋಣಿಗೂ ಅಂತ. ನಾವು ದೋಣಿ ನಡೆಸಿದ, ಇಂಗ್ಲೆಂಡ್-ವೇಲ್ಸ್ ನಡುವಿನ ಲ್ಯಾಂಗೋಲೆನ್ ಕಾಲುವೆ ಇದಕ್ಕೆ ತಿರುಗಾಮುರುಗಾ. ಅದು ದೋಣಿ ಕಾಲುವೆ, ಆದರೆ ಡೀ ನದಿಯಿಂದ ನೀರು ತಂದು ಕೆಳಗೆ ಹರ್ಲ್‌ಸ್ಟನ್ ಎಂಬಲ್ಲಿ ಕುಡಿಯುವ ನೀರಿನ ಕೆರೆ ತುಂಬಿಸುತ್ತದೆ. ಹಾಗಾಗಿ ಅದರಲ್ಲಿ ಮಾತ್ರ ಸೆಳವು ಗೊತ್ತಾಗುತ್ತದೆ. ನಾವು ಏರುಮುಖ ಹೋಗುವಾಗ ದೋಣಿ ತೆವಳಿತು. "ನೋಡು, ಇದು ನಮ್ಮ ಪೈಕಿ ಕಾಲುವೆ" ಅಂದರು ನಮ್ಮವರು. ಭಾಳ ಖುಷಿ ಅವರಿಗೆ.

ಪ್ರಶ್ನೆ: ನಮ್ಮ ಯಜಮಾನರು ಈಗಲೇ ಹೇಳುತ್ತಿದ್ದಾರೆ, ದೋಣಿ ಅವರು ಓಡಿಸುತ್ತಾರಂತೆ, ಗೇಟು ನಾನು ತೆಗೆಯಬೇಕಂತೆ. ಇದು ನ್ಯಾಯವಾ? — ಗೃಹಿಣಿ, ಯಾದಗಿರಿ

ಉತ್ತರ: ಅಲ್ಲಿಯೂ ಹೀಗೇ ತಾಯಿ. ಗಂಡ ಹಿಂದೆ ನಿಂತು ಚುಕ್ಕಾಣಿ ಹಿಡಿದು ದೊರೆ ತರಹ ಬರುತ್ತಿರುತ್ತಾನೆ. ಹೆಂಡತಿ ಕೈಹಿಡಿ ತೆಗೆದುಕೊಂಡು ಮುಂದಿನ ಲಾಕಿಗೆ ಓಡುತ್ತಿರುತ್ತಾಳೆ. ನನಗಂತೂ ಇದು ಸರಿ ಕಾಣಲಿಲ್ಲ. ಚುಕ್ಕಾಣಿಗೆ ಶಕ್ತಿ ಬೇಡ, ಗಮನ ಬೇಕು. ತೂಬು ಎತ್ತಲು, ಗೇಟಿನ ತೊಲೆ ತಳ್ಳಲು ಮೈಬಲ ಬೇಕು. ಅಂದಮೇಲೆ ಯಾರು ಎಲ್ಲಿರಬೇಕು, ನೀವೇ ಹೇಳಿ. ನಮ್ಮಲ್ಲಿ ಚುಕ್ಕಾಣಿ ನನ್ನದು, ಗೇಟು ಅವರದ್ದು. ಮೂವತ್ತು ವರ್ಷ ಊರಿನ ಗೇಟೆಲ್ಲ ತೆಗೆಸಿದವರು, ಇದೊಂದು ಜಾಸ್ತಿ ಆಗುತ್ತದಾ?

ಆದರೆ ಇಬ್ಬರೂ ಎರಡೂ ಕೆಲಸ ಕಲಿತಿರಬೇಕು. ಒಬ್ಬರಿಗೆ ಕಾಲು ಉಳುಕಿದರೆ ದೋಣಿ ನಡುದಾರಿಯಲ್ಲಿ ನಿಲ್ಲಬಾರದು. ಇನ್ನು ಜಗಳದ ವಿಷಯ. ಎಂಜಿನ್ ನಿಮ್ಮ ಕಾಲಡಿಯಲ್ಲೇ ಗುಡುಗುತ್ತಿರುತ್ತದೆ. ಅವರು ಅಷ್ಟು ದೂರದಿಂದ ಕೂಗಿದ್ದು ಕೇಳಿಸುವುದಿಲ್ಲ, ಬಾಯಿ ಆಡುವುದಷ್ಟೇ ಕಾಣುತ್ತದೆ. ಬೈಯುತ್ತಿದ್ದಾರೆ ಅನಿಸುತ್ತದೆ. ಮೊದಲೇ ಕೈಸನ್ನೆ ಗೊತ್ತು ಮಾಡಿಕೊಳ್ಳಿ: ಅಂಗೈ ಎತ್ತಿದರೆ ನಿಲ್ಲು, ಕೈ ಬೀಸಿದರೆ ಬಾ.

ಇಳಿಯುವ ಲಾಕಿನಲ್ಲಿ ಚುಕ್ಕಾಣಿ ಹಿಡಿದವರು ಒಂದು ವಿಷಯ ಮರೆಯುವಂತಿಲ್ಲ. ಮೇಲಿನ ಗೇಟಿನ ಬುಡದಲ್ಲಿ ಕಲ್ಲಿನ ಕಟ್ಟೆ ಇರುತ್ತದೆ. ನೀರು ತುಂಬಿದಾಗ ಅದು ಕಾಣುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲೆ ಸಿಕ್ಕಿಬಿದ್ದರೆ, ನೀರು ಇಳಿದಂತೆ ಹಿಂಭಾಗ ಅಲ್ಲೇ ನೇತು ಬೀಳುತ್ತದೆ, ಮುಂಭಾಗ ಮುಳುಗುತ್ತದೆ. ಗೋಡೆಯ ಮೇಲೆ ಗುರುತು ಹಾಕಿರುತ್ತಾರೆ, ಅದಕ್ಕಿಂತ ಮುಂದೆ ಇರಬೇಕು. ಗೇಟಿನ ಹತ್ತಿರ ನಿಂತವರೂ ಕಣ್ಣಿಟ್ಟಿರಬೇಕು. ಏನಾದರೂ ಎಡವಟ್ಟು ಕಂಡರೆ ಮೊದಲು ತೂಬು ಮುಚ್ಚಿ, ಮಾತು ಆಮೇಲೆ.

ಪ್ರಶ್ನೆ: ದೋಣಿ ಆಕಾಶದಲ್ಲಿ ಹೋಗುವ ಸೇತುವೆ ಇದೆಯಂತೆ, ಹೌದಾ? ಸುರಂಗವೂ ಇದೆಯಂತೆ. — ಕಾಲೇಜು ವಿದ್ಯಾರ್ಥಿ, ಬೀದರ್

ಉತ್ತರ: ಹೌದಪ್ಪಾ, ಇದೆ. ವೇಲ್ಸ್‌ನ ಪಾಂಟ್‌ಕಸಲ್ಟೆ ಮೇಲ್ಗಾಲುವೆ. ಥಾಮಸ್ ಟೆಲ್ಫೋರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿಸಿದ್ದು, 1805ರಲ್ಲಿ ತೆರೆದದ್ದು. ಉದ್ದ 307 ಮೀಟರ್, ಡೀ ನದಿಯಿಂದ 38 ಮೀಟರ್ ಎತ್ತರ. ಕಲ್ಲಿನ ಕಂಬಗಳ ಮೇಲೆ ಬೀಡುಕಬ್ಬಿಣದ ಉದ್ದನೆಯ ನೀರಿನ ತೊಟ್ಟಿ ಕೂರಿಸಿದ್ದಾರೆ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಒಂದು ಬದಿಗೆ ನಡೆಯುವ ದಾರಿ ಮತ್ತು ಕಟಕಟೆ ಇದೆ. ಇನ್ನೊಂದು ಬದಿಗೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿಗಿಂತ ಒಂದಷ್ಟು ಇಂಚು ಮೇಲಿದೆ, ಅಷ್ಟೇ. ದೋಣಿಯ ಮೇಲೆ ನಿಂತು ಆ ಕಡೆ ನೋಡಿದರೆ ಕಾಲ ಕೆಳಗೆ ಬರೀ ಗಾಳಿ. ಭಯವಾದರೆ ನಡೆಯುವ ದಾರಿಯಲ್ಲಿ ಹೋಗಿ, ನಾಚಿಕೆ ಏನಿಲ್ಲ. ನಾನು ಚುಕ್ಕಾಣಿ ಬಿಡುವಂತಿರಲಿಲ್ಲ, ಆದ್ದರಿಂದ ಮುಂದೆ ಮಾತ್ರ ನೋಡಿದೆ. ತೊಟ್ಟಿ ದುರಸ್ತಿಗೆ ಖಾಲಿ ಮಾಡಬೇಕಾದರೆ ನಡುವಿನ ಬಿರಡೆ ಎಳೆಯುತ್ತಾರೆ, ನೀರೆಲ್ಲ ನದಿಗೆ ಬೀಳುತ್ತದೆ.

ಸುರಂಗದ ವಿಷಯ ನೀವು ಬೀದರಿನವರು ಕೇಳಿದ್ದು ಒಳ್ಳೆಯದಾಯಿತು. ನೌಬಾದಿನ ಕಾರೇಜ್ ನೋಡಿದ್ದೀರಲ್ಲ, ಬಹಮನಿ ಕಾಲದ್ದು? ಮೇಲಿನಿಂದ ಸಾಲಾಗಿ ಬಾವಿ ತೋಡಿ, ಕೆಳಗೆ ಒಂದರಿಂದ ಒಂದಕ್ಕೆ ಕೊರೆದು ಸೇರಿಸುವುದು. ಬ್ರಿಂಡ್ಲಿ ಹೇರ್‌ಕ್ಯಾಸಲ್ ಗುಡ್ಡದಡಿ ಸುರಂಗ ಕೊರೆಸಿದ್ದೂ ಹೀಗೇ ಬಾವಿ ಇಳಿಸಿಯೇ. ಆ ಹಳೆಯ ಸುರಂಗದಲ್ಲಿ ಕುದುರೆಗೆ ದಾರಿ ಇರಲಿಲ್ಲ. ಕುದುರೆಯನ್ನು ಗುಡ್ಡದ ಮೇಲೆ ನಡೆಸುತ್ತಿದ್ದರು. ಆಳುಗಳು ದೋಣಿಯ ಮೇಲೆ ಅಂಗಾತ ಮಲಗಿ, ಗೋಡೆಗೆ ಕಾಲು ಕೊಟ್ಟು ತಳ್ಳುತ್ತಾ ಹೋಗುತ್ತಿದ್ದರು. ಈಗ ಹೆಡ್‌ಲೈಟ್ ಹಾಕಿದರೆ ಆಯಿತು. ನಾವು ಹಾದದ್ದು ಚರ್ಕ್ ಸುರಂಗ, ಅರ್ಧ ಕಿಲೋಮೀಟರೂ ಇಲ್ಲ. ಒಂದೇ ದೋಣಿಯಷ್ಟು ಅಗಲ, ಆ ತುದಿಯಲ್ಲಿ ಬೆಳಕು ಕಂಡರೆ ಮಾತ್ರ ಒಳಗೆ ಹೋಗಬೇಕು.

ಈ ಮೇಲ್ಗಾಲುವೆ, ಚರ್ಕ್ ಸುರಂಗ ಎರಡೂ ಇರುವುದು ಲ್ಯಾಂಗೋಲೆನ್ ಕಾಲುವೆಯಲ್ಲೇ, ಹೊಸಬರಿಗೆ ನನ್ನ ಸಲಹೆಯೂ ಇದೇ ದಾರಿ. ಎಲ್ಸ್‌ಮಿಯರ್ ಊರಿನಿಂದ ಲ್ಯಾಂಗೋಲೆನ್ ಊರಿನವರೆಗೆ ಲಾಕ್ ಇರುವುದು ಎರಡೇ. ಕೊನೆಗೆ ಕಾಲುವೆ ಒಂದು ದೋಣಿಯಷ್ಟೇ ಆಗುತ್ತದೆ. ಅಲ್ಲಿ ಒಬ್ಬರು ಇಳಿದು ಮುಂದೆ ನಡೆದು, ಎದುರಿಗೆ ಯಾರೂ ಇಲ್ಲ ಅಂತ ಫೋನ್ ಮಾಡಬೇಕು.

ಪ್ರಶ್ನೆ: ಊಟ ಹೇಗೆ? ನಾವು ಶುದ್ಧ ಸಸ್ಯಾಹಾರಿಗಳು. ರೊಟ್ಟಿ ಬಡಿಯಬಹುದಾ? — ಓದುಗರು, ಹುಮನಾಬಾದ್

ಉತ್ತರ: ದೋಣಿಯಲ್ಲೇ ಗ್ಯಾಸ್ ಒಲೆ, ಫ್ರಿಜ್, ಸಿಂಕ್ ಎಲ್ಲ ಇದೆ. ಆದರೆ ರೊಟ್ಟಿ ಬಡಿಯಲು ಹೋಗಬೇಡಿ. ಅಡುಗೆ ಜಾಗ ಗೇಣಷ್ಟು, ಹೊಗೆ ಎದ್ದರೆ ಅಲಾರಂ ಕಿರುಚುತ್ತದೆ. ಕಡಕ್ ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಬಟ್ಟೆಯ ನಡುವೆ ಇಟ್ಟರೆ ತಲುಪುವಷ್ಟರಲ್ಲಿ ಪುಡಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಜೊತೆಗಿರಲಿ. ಮೊಸರು, ಉಳ್ಳಾಗಡ್ಡಿ ಅಲ್ಲೇ ಸಿಗುತ್ತವೆ. ತುಪ್ಪ, ಪೇಡೆ, ಖೋವಾದ ಯಾವುದೂ ಬೇಡ, ಹಾಲಿನ ಪದಾರ್ಥ ಇಲ್ಲಿಂದ ಒಯ್ಯಲು ಬಿಡುವುದಿಲ್ಲ. ಹಸಿ ಕರಿಬೇವನ್ನೂ ಬಿಡುವುದಿಲ್ಲ. ತೊಗರಿಬೇಳೆ, ಜೋಳದ ಹಿಟ್ಟು ಬೇಕಾದರೆ ಬರ್ಮಿಂಗ್‌ಹ್ಯಾಮಿನ ನಮ್ಮ ದೇಶದವರ ಅಂಗಡಿಗಳಲ್ಲಿವೆ.

ನೀರಿನ ಟ್ಯಾಂಕ್ ಮೇಲೆ ನಿಗಾ ಇರಲಿ. ಸ್ನಾನ, ಪಾತ್ರೆ, ಎಲ್ಲದಕ್ಕೂ ಅದೇ. ದಾರಿಯಲ್ಲಿ ನಲ್ಲಿಗಳಿವೆ, ಪೈಪ್ ಹಾಕಿ ತುಂಬಿಸಿಕೊಳ್ಳಬೇಕು. ನೀರು ಉಳಿಸುವುದನ್ನು ಕಲಬುರಗಿಯವರಿಗೆ ಯಾರೂ ಕಲಿಸಬೇಕಿಲ್ಲ ಬಿಡಿ.

ಪ್ರಶ್ನೆ: ಮಗ ಲಂಡನ್ನಿನಲ್ಲಿ ಓದುತ್ತಿದ್ದಾನೆ. ಮನೆ ಬಾಡಿಗೆ ವಿಪರೀತ. ಹಳೆಯ ದೋಣಿ ಕೊಂಡು ಅದರಲ್ಲೇ ಇರುತ್ತೇನೆ ಅನ್ನುತ್ತಾನೆ. — ತಂದೆ, ಚಿತ್ತಾಪುರ

ಉತ್ತರ: ಬೇಡ ಅನ್ನಿ. ಹಾಗೆ ಇರುವವರು ಸಾವಿರಾರು ಜನ ಇದ್ದಾರೆ, ಸುಳ್ಳಲ್ಲ. ಆದರೆ ದೋಣಿಗೆ ಲೈಸೆನ್ಸ್, ವಿಮೆ, ಸುರಕ್ಷತೆಯ ಸರ್ಟಿಫಿಕೇಟ್ ಎಲ್ಲ ಬೇಕು. ಖಾಯಂ ಕಟ್ಟುವ ಜಾಗ ಇಲ್ಲದಿದ್ದರೆ 1995ರ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲುವಂತಿಲ್ಲ, ಮುಂದೆ ಸಾಗುತ್ತಲೇ ಇರಬೇಕು. ಪರೀಕ್ಷೆ ಇದ್ದ ವಾರವೇ ದೋಣಿ ಎತ್ತಬೇಕಾಗಿ ಬಂದರೆ? ಚಳಿಗಾಲದಲ್ಲಿ ಸೌದೆ, ಕಲ್ಲಿದ್ದಲು ಹೊತ್ತು ತರಬೇಕು. ಶೌಚದ ಟ್ಯಾಂಕ್ ಖಾಲಿ ಮಾಡುವ ಕೆಲಸವೂ ಅವನದ್ದೇ. ಇಲ್ಲಿ ತನ್ನ ತಟ್ಟೆ ತಾನು ತೊಳೆಯುತ್ತಿದ್ದನಾ, ಕೇಳಿ ನೋಡಿ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಸೀರೆಯಲ್ಲೇ ಹೋಗಬಹುದಾ? — ಓದುಗರು, ಆಳಂದ

ಉತ್ತರ: ಈಜು ನನಗೂ ಬರುವುದಿಲ್ಲ. ಕಾಲುವೆ ಬಹಳ ಕಡೆ ಸೊಂಟದ ಮಟ್ಟವಷ್ಟೇ, ಬಿದ್ದರೆ ಎದ್ದು ನಿಲ್ಲಬಹುದು. ಲಾಕಿನೊಳಗೆ ಆಳ ಜಾಸ್ತಿ, ಅಲ್ಲಿ ಬೀಳಬಾರದು. ಲೈಫ್ ಜಾಕೆಟ್ ದೋಣಿಯವರೇ ಕೊಡುತ್ತಾರೆ, ಸಂಕೋಚ ಮಾಡದೆ ಹಾಕಿಕೊಳ್ಳಿ. ದಡಕ್ಕೆ ಹಾರಬೇಡಿ, ಹತ್ತಿರ ಬಂದ ಮೇಲೆ ಹೆಜ್ಜೆ ಇಡಿ. ಯಾರಾದರೂ ನೀರಿಗೆ ಬಿದ್ದರೆ ಮೊದಲು ಎಂಜಿನ್ನಿನ ಗೇರ್ ತೆಗೆಯಿರಿ, ಹಿಂದೆ ಪ್ರೊಪೆಲರ್ ತಿರುಗುತ್ತಿರುತ್ತದೆ. ಸೀರೆ ದೋಣಿಯ ಮೇಲೆ ಬೇಡ. ಸೆರಗು ತೂಬಿನ ಹಲ್ಲುಚಕ್ರಕ್ಕೆ ಸಿಕ್ಕಿದರೆ ಕಷ್ಟ. ಚೂಡಿದಾರ ಹಾಕಿ, ದುಪಟ್ಟಾ ಬಿಟ್ಟು ಬನ್ನಿ, ಕಾಲಿಗೆ ಜಾರದ ಬೂಟು. ಸ್ವೆಟರ್ ಮೇ ತಿಂಗಳಲ್ಲೂ ಬೇಕು.